ಗೋವಿನಜೋಳದ ಸೀಮೆಯಲ್ಲಿ ಜೇನುಪೆಟ್ಟಿಗೆ

ಜೇನು ಸಾಕಣೆ ಎಂದರೆ ಶಿರಸಿ, ಪುತ್ತೂರು, ಭಾಗಮಂಡಲ ನೆನಪಾಗುತ್ತವೆ. ಕುಮುದ್ವತಿ ದಂಡೆಯ ರಟ್ಟೀಹಳ್ಳಿ ಯಾರ ನೆನಪಿಗೂ ಬರುವುದಿಲ್ಲ. ಇಲ್ಲಿ ಮಲೆನಾಡಿನ ಕಾಡಿಲ್ಲ. ಗೋವಿನಜೋಳ, ನಡುನಡುವೆ ಹತ್ತಿ. ಆದರೂ ಹಿತ್ತಲಲ್ಲಿ ಹವ್ಯಾಸಕ್ಕೆ ಒಂದೆರಡು ಪೆಟ್ಟಿಗೆ ಇಡಬಹುದು, ಹುಳಗಳ ಹೊಟ್ಟೆ ಯಾವ ತಿಂಗಳು ಖಾಲಿ ಎಂಬುದು ಗೊತ್ತಿದ್ದರೆ.

ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಎರಿ ಕಟ್ಟುವಂಥವು, ಪೆಟ್ಟಿಗೆಗೆ ಒಗ್ಗುವುದಿಲ್ಲ. ಮರದ ಪೊಟರೆ, ಗೋಡೆಯ ಸಂದಿಯ ಕತ್ತಲಲ್ಲಿ ಸಾಲಾಗಿ ಎರಿ ಕಟ್ಟುವ ತುಡುವೆ ಒಗ್ಗುತ್ತದೆ. ಹೊರಗಿನಿಂದ ಬಂದ ಮೆಲ್ಲಿಫೆರಾ ಹೆಚ್ಚು ತುಪ್ಪ ಕೊಡುತ್ತದೆ ನಿಜ, ಆದರೆ ಅದಕ್ಕೆ ಹೂವೂ ಹೆಚ್ಚು ಬೇಕು. ತುಡುವೆಯ ದೋಷ ಒಂದೇ: ಹಸಿದರೆ, ಇರುವೆ ಕಾಡಿದರೆ, ಇಡೀ ಸಂಸಾರ ಹೇಳದೆ ಕೇಳದೆ ಎದ್ದುಹೋಗುತ್ತದೆ. 1991ರ ಸುಮಾರಿಗೆ ಮರಿಹುಳಗಳನ್ನು ನೀರಿನ ಚೀಲದಂತೆ ಮಾಡಿ ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಹಬ್ಬಿ, ದಕ್ಷಿಣ ಭಾರತದ ತುಡುವೆ ಸಾಕಣೆಯೇ ನೆಲಕಚ್ಚಿತ್ತು. ಉಳಿದವುಗಳಿಂದಲೇ ಮತ್ತೆ ಸಂಸಾರ ಬೆಳೆದಿವೆ.

ವರ್ಷದ ಸುಗ್ಗಿ ಯುಗಾದಿಯ ಆಸುಪಾಸಿನಲ್ಲಿ. ಬೇವು, ಹುಲಗಲ, ಆಮೇಲೆ ಹುಣಸೆ: ಹೊಲದ ಬದುವಿನ, ರಸ್ತೆಬದಿಯ ಮರಗಳೇ ಆಗ ಜೇನಿನ ಕಣಜ. ಕಣ್ಣುಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೆಯೇ ತುಪ್ಪ ಮಾಗಿದ ಲೆಕ್ಕ. ಅವಸರಪಟ್ಟು ತೆಗೆದದ್ದು ಹುಳಿಯುತ್ತದೆ. ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆದು ಎರಿಯನ್ನು ಹಾಗೇ ಮರಳಿಸಿದರೆ ಹುಳಗಳಿಗೆ ಹೊಸ ಮೇಣ ಕಟ್ಟುವ ಶ್ರಮ ಉಳಿಯುತ್ತದೆ. ಹೂವು ಸಮೃದ್ಧವಾಗಿದ್ದಾಗಲೇ ಸಂಸಾರ ಪಾಲಾಗುವುದೂ. ಎರಿಯ ಕೆಳ ಅಂಚಿನಲ್ಲಿ ಶೇಂಗಾಕಾಯಿಯಂತೆ ಜೋತುಬಿದ್ದ ರಾಣಿಕಣ್ಣು ಕಂಡರೆ ಇನ್ನೊಂದು ಪೆಟ್ಟಿಗೆ ಸಿದ್ಧವಿರಲಿ.

ಮಿರಗದ ಮಳೆ ಹಿಡಿದ ಮೇಲೆ ಲೆಕ್ಕ ತಿರುಗುತ್ತದೆ. ಸಕ್ಕರೆ, ನೀರು ಸಮಸಮ ಕಲಸಿದ ಪಾಕವನ್ನು ಸಂಜೆ ಒಳಗಿಡಬೇಕು. ಹಗಲಲ್ಲಿಟ್ಟರೆ ಬೇರೆ ಗೂಡಿನವು ದೋಚಲು ಬರುತ್ತವೆ. ಸ್ಟ್ಯಾಂಡಿನ ಕಾಲುಗಳು ನೀರಿನ ಬಟ್ಟಲಲ್ಲಿರಬೇಕು. ಹುಳ ಕೂರದ ಎರಿಯನ್ನು ತೆಗೆದುಬಿಡಬೇಕು, ಇಲ್ಲದಿದ್ದರೆ ಮೇಣದ ಪತಂಗದ ಪಾಲು.

ಹೊಸಬರು ಮೋಸಹೋಗುವುದು ಗೋವಿನಜೋಳ ಸೂಲಂಗಿ ಬಿಟ್ಟಾಗ. ಹಿಂಗಾಲುಗಳಿಗೆ ಹಳದಿ ಉಂಡೆ ಕಟ್ಟಿಕೊಂಡು ಹುಳಗಳು ಸಾಲುಸಾಲಾಗಿ ಬರುತ್ತವೆ. ನೋಡಿದವರಿಗೆ ಹಬ್ಬದೂಟದ ಮನೆ. ಅದು ಬರೀ ಪರಾಗ, ಮರಿ ಬೆಳೆಸಲು ಬೇಕಾದದ್ದು. ಜೋಳದ ಹೂವಿನಲ್ಲಿ ಮಕರಂದವೇ ಇಲ್ಲ. ತೊಟ್ಟಿಲು ತುಂಬುತ್ತದೆ, ಕಣಜ ತುಂಬುವುದಿಲ್ಲ. ಪಾಕ ನಿಲ್ಲಿಸಿದವರ ಪೆಟ್ಟಿಗೆ ಖಾಲಿಯಾಗುವುದು ಹೆಚ್ಚಾಗಿ ಆಗಲೇ.

ಮುಂದೆ ಗುರೆಳ್ಳು, ಸೂರ್ಯಕಾಂತಿ ಬಿತ್ತಿದವರಿದ್ದರೆ ಪುಣ್ಯ. ಇದೇ ಜಿಲ್ಲೆಯ ರಾಣೆಬೆನ್ನೂರು ಕಡೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ಅಲ್ಲಿ ಜೇನು ಬಂದರೆ ತಳಿ ಬೆರಕೆಯಾಗುವ ಭಯ. ಸೂರ್ಯಕಾಂತಿಯ ರೈತನಿಗೆ ಅದೇ ಹುಳ ಬರದಿದ್ದರೆ ಕಾಳು ಜೊಳ್ಳಾಗುವ ಭಯ.

ಹತ್ತಿಯ ಹೊಲ ಪಕ್ಕದಲ್ಲಿದ್ದರಂತೂ ಜೇನು ಸಾಕುವವನ ಅರ್ಧ ಕೆಲಸ ಬೇಲಿಯಾಚೆಗೆ. ತುಪ್ಪದ ಮೊದಲ ಬಾಟಲಿ ಅಲ್ಲಿಗೆ ಹೋಗುತ್ತದೆ, ಜೊತೆಗೊಂದು ಮಾತು: ‘ಕಾಕಾ, ಎಣ್ಣಿ ಹೊಡಿಯೋದಿದ್ರ ಸಂಜಿಮುಂದ ಹೊಡೀರಿ. ಮುಂಜಾನಿ ಹುಳ ಹೂವಿನ ಮ್ಯಾಲ ಇರ್ತಾವ.’