ಸ್ಥಾಪಕರ ಆದರ್ಶವೂ ವಿಚಾರಣೆಯಿಲ್ಲದ ಸೆರೆಯೂ

ರಾಷ್ಟ್ರಸ್ಥಾಪಕರ ಆದರ್ಶಗಳಿಂದ ದೇಶವು ದೂರ ಸರಿದಿದೆಯೆಂಬ ಮಾತು ಗಣರಾಜ್ಯೋತ್ಸವದ ಸಭೆಗಳಲ್ಲಿ ಪ್ರತಿವರ್ಷವೂ ಕೇಳಿಬರುತ್ತದೆ. ಮಾತು ಸುಳ್ಳಲ್ಲ, ಆದರೆ ಅರ್ಧಸತ್ಯ. ಒಂದು ವಿಷಯದಲ್ಲಿ ಆ ಹಿರಿಯರೇ ತಮ್ಮ ಆದರ್ಶಕ್ಕೆ ಅಪವಾದವನ್ನು ಕಲ್ಪಿಸಿ ಹೋದರು. ವಿಚಾರಣೆಯಿಲ್ಲದೆ ಪ್ರಜೆಯನ್ನು ಸೆರೆಯಲ್ಲಿಡುವ ಅಧಿಕಾರವೇ ಅದು.

1919ರಲ್ಲಿ ರೌಲತ್ ಕಾಯಿದೆ ಬಂದಾಗ, ವಾದವಿಲ್ಲ, ವಕೀಲನಿಲ್ಲ, ಅಪೀಲಿಲ್ಲ ಎಂದು ದೇಶವು ಅದನ್ನು ಧಿಕ್ಕರಿಸಿತು. 1942ರ ಆಗಸ್ಟಿನಲ್ಲಿ ನೆಹರೂ, ಪಟೇಲ್, ಆಜಾದರನ್ನು ಯಾವ ಮೊಕದ್ದಮೆಯೂ ಇಲ್ಲದೆ ಅಹಮದ್‌ನಗರದ ಕೋಟೆಗೆ ಒಯ್ದರು. ಅವರು ಬಿಡುಗಡೆ ಕಂಡುದು 1945ರಲ್ಲಿ. ಈ ಅನ್ಯಾಯವನ್ನು ಸ್ವತಃ ಉಂಡವರಿದ್ದ ಸಭೆಯೇ ರಾಜ್ಯಾಂಗವನ್ನು ರಚಿಸಿ, ಅದರ 22ನೆಯ ಅನುಚ್ಛೇದದಲ್ಲಿ ಮುನ್ನೆಚ್ಚರಿಕೆಯ ಬಂಧನಕ್ಕೆ ಎಡೆಗೊಟ್ಟಿತು. ರಾಜ್ಯಾಂಗವು ಜಾರಿಗೆ ಬಂದ ಮರುತಿಂಗಳೇ, 1950ರ ಫೆಬ್ರುವರಿಯಲ್ಲಿ, ಪಟೇಲರೇ ಅದಕ್ಕೆ ತಕ್ಕ ಮಸೂದೆಯನ್ನು ತಂದರು. ವಿಭಜನೆಯ ರಕ್ತಪಾತವೂ ತೆಲಂಗಾಣದ ದಂಗೆಯೂ ಕಣ್ಣೆದುರಿಗಿದ್ದ ಕಾಲವದು. ಅವರ ಕಳವಳವನ್ನು ನಾವು ಹಗುರವಾಗಿ ಎಣಿಸಲಾರೆವು. ಆದರೆ ಸುಮಾರು ಒಂದು ವರ್ಷದ ಮಟ್ಟಿಗೆಂದು ಬಂದ ಆ ಕಾಯಿದೆಯು 1969ರ ಅಂತ್ಯದವರೆಗೆ ಬಾಳಿತು.

1971ರಲ್ಲಿ ‘ಮೀಸಾ’ ಬಂದಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಅದು ವಿರೋಧಪಕ್ಷಗಳ ಮೇಲೆ ಎರಗಿತು. ವಾಜಪೇಯಿ, ಅಡ್ವಾಣಿಯವರು ಬಂಧಿತರಾದುದು ನಮ್ಮ ಬೆಂಗಳೂರಿನಲ್ಲಿಯೇ. ಬಂಧಿತನಿಗೆ ನ್ಯಾಯಾಲಯದ ಬಾಗಿಲು ತೆರೆಯದೆಂದು 1976ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಮೂರ್ತಿಗಳು ನುಡಿದರು, ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತವಿತ್ತರು. ಆ ತೀರ್ಪು ಅಳಿದುದು 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.

ತೀರ್ಪು ಅಳಿಯಿತು, ಅಧಿಕಾರ ಅಳಿಯಲಿಲ್ಲ. 1980ರ ರಾಷ್ಟ್ರೀಯ ಭದ್ರತಾ ಕಾಯಿದೆಯು ಹನ್ನೆರಡು ತಿಂಗಳ ಬಂಧನಕ್ಕೆ ಅವಕಾಶವೀಯುತ್ತದೆ. ಸಲಹಾ ಮಂಡಲಿಯ ಅಭಿಪ್ರಾಯವಿಲ್ಲದೆ ಇರಿಸಬಹುದಾದ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುವ ವಿಧಿಯನ್ನು ಸಂಸತ್ತು 1978ರ ನಾಲ್ವತ್ತನಾಲ್ಕನೆಯ ತಿದ್ದುಪಡಿಯಲ್ಲಿಯೇ ಅಂಗೀಕರಿಸಿತು. ಅದನ್ನು ಜಾರಿಗೆ ತರಲು ಬೇಕಾದುದು ಸರಕಾರದ ಒಂದು ಪ್ರಕಟಣೆ ಮಾತ್ರ. ಎಷ್ಟೋ ಪಕ್ಷಗಳು ಅಧಿಕಾರಕ್ಕೆ ಬಂದು ಹೋದರೂ, ಅವುಗಳ ನಾಯಕರಲ್ಲಿ ಮೀಸಾ ಸೆರೆಯನ್ನು ಕಂಡವರೇ ಇದ್ದರೂ, ಆ ಪ್ರಕಟಣೆ ಹೊರಡಲಿಲ್ಲ.

ದೇಶರಕ್ಷಣೆಗೆ ಈ ಅಸ್ತ್ರ ಬೇಕೆಂಬ ವಾದವನ್ನು ನಾವು ಬಲ್ಲೆವು. ಅಪರಾಧಿಯನ್ನು ದಂಡಿಸಬೇಡಿರೆಂದು ನಾವು ಹೇಳುವುದಿಲ್ಲ. ನ್ಯಾಯಾಲಯದ ಮುಂದೆ ನಿಲ್ಲಿಸಿ ದಂಡಿಸಿರೆಂದಷ್ಟೇ ನಮ್ಮ ಬಿನ್ನಹ. ಸೆರೆಮನೆಯಲ್ಲಿದ್ದಾಗ ನಮ್ಮ ಹಿರಿಯರು ಬಯಸಿದ್ದೊಂದು, ಅಧಿಕಾರಕ್ಕೆ ಬಂದಾಗ ಮಾಡಿದ್ದು ಇನ್ನೊಂದು. ಇವೆರಡರಲ್ಲಿ ಮೊದಲನೆಯದನ್ನೇ ಅವರ ಆದರ್ಶವೆಂದು ಕೈಕೊಳ್ಳುವುದು ಅವರಿಗೆ ಅಗೌರವವಲ್ಲ. ಆ ಪ್ರಕಟಣೆಯು ಮೊದಲು ಹೊರಡಲಿ; ಆದರ್ಶಗಳ ಮೇಲಣ ಭಾಷಣಗಳಿಗೆ ಆಮೇಲೆ ಬೆಲೆ ಬಂದೀತು.