ನಿಮಗಿದು ಗೊತ್ತೆ? ಬೈಬಲ್ ವಾಚಕರ ಪೂರ್ವಸಿದ್ಧತೆ

ಕಥೋಲಿಕ ಚರ್ಚುಗಳ ಭಾನುವಾರದ ಬಲಿಪೂಜೆಯಲ್ಲಿ ಓದುವ ಬೈಬಲ್ ಭಾಗಗಳು ಮೊದಲೇ ನಿಗದಿಯಾಗಿರುತ್ತವೆ. ಮೂರು ವರ್ಷಕ್ಕೊಮ್ಮೆ ಮರಳುವ ಈ ಕ್ರಮ ಪ್ರಕಟವಾದದ್ದು 1969ರಲ್ಲಿ. ಹಾಗಾಗಿ ವಾಚಕರು ಮನೆಯಲ್ಲೇ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಬಹುದು, ಮಾಡಲೇಬೇಕು. ಹಳೆಯ ಒಡಂಬಡಿಕೆಯ ಭಾಗವನ್ನು ಸಾಮಾನ್ಯವಾಗಿ ಅಂದಿನ ಶುಭಸಂದೇಶಕ್ಕೆ ಹೊಂದುವಂತೆ ಆಯ್ದಿರುತ್ತಾರೆ. ಗುರುಗಳೋ ಡೀಕನರೋ ಓದುವ ಆ ಶುಭಸಂದೇಶವನ್ನೂ ನೋಡಿಕೊಂಡರೆ ಎಲ್ಲಿ ಒತ್ತು ಕೊಡಬೇಕೆಂಬುದು ತಿಳಿಯುತ್ತದೆ. ಸಂತ ಪೌಲರ ಪತ್ರಗಳ ಉದ್ದುದ್ದ ವಾಕ್ಯಗಳಲ್ಲಿ ಉಸಿರು ತೆಗೆದುಕೊಳ್ಳುವ ಜಾಗ ಗೊತ್ತುಮಾಡಿಕೊಳ್ಳಬೇಕು. ನಿಜವಾದ ಪರೀಕ್ಷೆ ಪೆಂತೆಕೋಸ್ತ್ ಹಬ್ಬದಂದು: ಪಾರ್ಥಿಯರು, ಮೇದ್ಯರು, ಎಲಾಮಿನವರು, ಫ್ರಿಜಿಯ, ಪಂಫೀಲಿಯ... ಸಾಲುಸಾಲು ಹೆಸರುಗಳು! ತಡವರಿಸಿದರೆ ಕೇಳುವವರ ಗಮನ ದೇವರ ವಾಕ್ಯದಿಂದ ವಾಚಕರತ್ತ ಸರಿಯುತ್ತದೆ. ಮಹಿಳೆಯರು ದಶಕಗಳಿಂದ ಚರ್ಚುಗಳಲ್ಲಿ ವಾಚನ ಮಾಡುತ್ತಿದ್ದರೂ ವಾಚಕರ ಅಧಿಕೃತ ಸೇವಾಪದವಿ ಅವರಿಗೆ ತೆರೆದದ್ದು 2021ರಲ್ಲಿ, ಪೋಪ್ ಫ್ರಾನ್ಸಿಸ್ ಅವರ ಆದೇಶದಿಂದ.