ಒಂದಕ್ಷರದ ತಿದ್ದುಪಡಿ

ಹೋದ ಬೇಸಗೆಯಲ್ಲಿ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ, ಅಕ್ಕನ ಮನೆಯಲ್ಲಿ, ನಾಲ್ಕು ದಿನ ತಂಗಿದ್ದೆ. ರಾತ್ರಿಯ ಊಟವಾಗಿ, ದನಗಳಿಗೆ ಹುಲ್ಲು ಹಾಕಿದ್ದಾದ ಮೇಲೆ, ಸೋದರಳಿಯನು ಪಡಸಾಲೆಯ ಕಂಬಕ್ಕೊರಗಿ ತೊಡೆಯ ಮೇಲೆ ಲ್ಯಾಪ್‌ಟಾಪನ್ನಿರಿಸಿಕೊಂಡು ಕುಳಿತ. ಒಂದು ಗಂಟೆಯ ಕಾಲ ಕಣ್ಣೆತ್ತದೆ ಓದಿದ. ಕಡೆಗೆ ಒಂದು ಇಂಗ್ಲಿಷ್ ಶಬ್ದದಲ್ಲಿ ಎರಡು ಅಕ್ಷರಗಳನ್ನು ಅದಲುಬದಲು ಮಾಡಿದ. ಆ ರಾತ್ರಿಯ ದುಡಿಮೆ ಅಷ್ಟೆ.

"ಇಷ್ಟಕ್ಕೆ ಏನು ಕೊಡುತ್ತಾರಪ್ಪ?" ಎಂದೆ.

"ಏನೂ ಕೊಡಕಿಲ್ಲ ಮಾವ. ತಪ್ಪು ಕಾಣ್ತು, ತಿದ್ದಿ ಕಳಿಸ್ದೆ. ಅವ್ರು ಒಪ್ಪುದ್ರೆ ಸೇರಿಸ್ಕತಾರೆ."

ನಾನೂ ಕೆಲಕಾಲ ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಮದುವೆಯ ಕರೆಯೋಲೆಯೊಂದರಲ್ಲಿ 'ವಧು' ಎಂಬುದರ ಕೊಂಬು ಜಾರಿ 'ವಧ' ಎಂದಾಗಿದ್ದುದನ್ನು ಯಂತ್ರಕ್ಕೆ ಹೋಗುವ ಮೊದಲೇ ಹಿಡಿದದ್ದು ನನ್ನ ವೃತ್ತಿಜೀವನದ ದೊಡ್ಡ ಸಾಹಸ. ಆದುದರಿಂದ ಹುಡುಗನ ಕೆಲಸ ನನಗೆ ಪರಕೀಯವೆನಿಸಲಿಲ್ಲ. ಪಕ್ಕದಲ್ಲಿ ಕುಳಿತು ಕೇಳಿದೆ.

ಅವನು ಓದುತ್ತಿದ್ದುದು ಜಿಟಿಕೆ ಎಂಬ ಟೂಲ್‌ಕಿಟ್ಟಿನ ಕೈಪಿಡಿ. ಮನೆ ಕಟ್ಟುವವನು ಪ್ರತಿಯೊಂದು ಬಾಗಿಲನ್ನೂ ತಾನೇ ಕೆತ್ತುತ್ತ ಕೂರುವುದಿಲ್ಲ. ಬಡಗಿಯಿಂದ ಸಿದ್ಧ ಚೌಕಟ್ಟುಗಳನ್ನು ತರುತ್ತಾನೆ. ಹಾಗೆಯೇ ಕಂಪ್ಯೂಟರಿನ ತೆರೆಯ ಮೇಲೆ ನಾವು ಕಾಣುವ ಕಿಟಕಿ, ಗುಂಡಿ, ಪಟ್ಟಿ ಮೊದಲಾದುವನ್ನು ಸಿದ್ಧವಾಗಿ ಒದಗಿಸುವ ಭಂಡಾರ ಇದು. 1990ರ ದಶಕದಲ್ಲಿ ಅಮೆರಿಕದ ಬರ್ಕ್‌ಲಿಯ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬಿಬ್ಬರು ಗಿಂಪ್ ಎಂಬ ಚಿತ್ರ ತಿದ್ದುವ ಪ್ರೋಗ್ರಾಮಿಗಾಗಿ ಇದನ್ನು ಕಟ್ಟಿಕೊಂಡರು. ಮುಂದೆ ಅದು ಬೆಳೆದು ಎಷ್ಟೋ ಪ್ರೋಗ್ರಾಮುಗಳಿಗೆ ಬುನಾದಿಯಾಯಿತು. ನಾಲ್ಕನೆಯ ಆವೃತ್ತಿ 2020ರ ಡಿಸೆಂಬರಿನಲ್ಲಿ ಹೊರಬಿತ್ತು. ಯಾರು ಬೇಕಾದರೂ ಒಳಗೆ ಇಣುಕಬಹುದು, ತಪ್ಪು ಕಂಡರೆ ತಿದ್ದುಪಡಿ ಸೂಚಿಸಬಹುದು.

ಸೋಜಿಗವೆಂದರೆ, ಈ ಕೈಪಿಡಿಯಲ್ಲಿ ಬಹುಭಾಗ ಬೇರೆಯಾಗಿ ಬರೆದಿಟ್ಟ ಪುಸ್ತಕವಲ್ಲ. ಪ್ರೋಗ್ರಾಮಿನ ಸಾಲುಗಳ ನಡುವೆಯೇ ಟಿಪ್ಪಣಿಗಳಾಗಿ ಅದು ಹುದುಗಿರುತ್ತದೆ. ಇನ್ನೊಂದು ಉಪಕರಣವು ಆ ಟಿಪ್ಪಣಿಗಳನ್ನಷ್ಟೇ ಆಯ್ದು ಓದುವ ಪುಟಗಳನ್ನಾಗಿ ಮಾಡುತ್ತದೆ. ಎಂದ ಮೇಲೆ, ವಿವರಣೆಯಲ್ಲಿ ಒಂದಕ್ಷರ ತಿದ್ದುವವನು ಯಂತ್ರದ ಒಡಲಿಗೇ ಕೈಯಿಟ್ಟಂತೆ. ಕೈ ಒಂದು ಸಾಲು ತಪ್ಪಿದರೆ ಕಾಗುಣಿತ ಸರಿಯಾಗಿ ಪ್ರೋಗ್ರಾಮು ಕೆಡಬಹುದು. ಸಾಮಾನ್ಯ ನಿಘಂಟನ್ನು ಹಿಡಿದು ಹುಡುಕಲು ಹೊರಟರೂ ಫಲವಿಲ್ಲ. ಪ್ರೋಗ್ರಾಮಿನ ಹೆಸರುಗಳೆಲ್ಲ ನಿಘಂಟಿಗೆ ಅಪರಿಚಿತರೇ. ಅದಕ್ಕಾಗಿ ಕೋಡ್‌ಸ್ಪೆಲ್ ಎಂಬ ಉಪಕರಣವು ತಲೆಕೆಳಗಾದ ದಾರಿ ಹಿಡಿದಿದೆ: ಸರಿಯಾದ ಶಬ್ದಗಳ ಪಟ್ಟಿಯ ಬದಲು, ಜನ ರೂಢಿಯಾಗಿ ಮಾಡುವ ತಪ್ಪುಗಳ ಪಟ್ಟಿಯನ್ನಿಟ್ಟುಕೊಂಡು ಹುಡುಕುತ್ತದೆ. ನಮ್ಮ ಹಳೆಯ ಮೇಷ್ಟ್ರುಗಳ ವಿಧಾನವೂ ಇದೇ ಆಗಿತ್ತಲ್ಲವೆ?

ಇಷ್ಟರಲ್ಲಿ ಕರೆಂಟು ಹೋಯಿತು. 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿಕೊಟ್ಟ ಶಿವನಸಮುದ್ರ ಇದೇ ತಾಲ್ಲೂಕಿನದು. ದೀಪದ ಬುಡ ಕತ್ತಲು. ಲ್ಯಾಪ್‌ಟಾಪಿನ ಬೆಳಕಿನಲ್ಲೇ ಮಾತು ಮುಂದುವರಿಯಿತು.

ಕೈಪಿಡಿಯ ವಾಕ್ಯವನ್ನು ತಿದ್ದಿದರೆ ಯಾರಿಗೂ ನಷ್ಟವಿಲ್ಲ. ಆದರೆ ತಪ್ಪು ಇರುವುದು ತೆರೆಯ ಮೇಲೆ ಮೂಡುವ ಸಂದೇಶದಲ್ಲಿ ಎನ್ನಿ. ಆಗ ಲೆಕ್ಕ ಬೇರೆ. ಅನುವಾದಗಳನ್ನು ಜೋಡಿಸುವ ಗೆಟ್‌ಟೆಕ್ಸ್ಟ್ ಎಂಬ ಏರ್ಪಾಡಿನಲ್ಲಿ ಮೂಲ ಇಂಗ್ಲಿಷ್ ವಾಕ್ಯವೇ ಬೀಗದ ಕೈ. ಆ ವಾಕ್ಯದಲ್ಲಿ ಒಂದಕ್ಷರ ಬದಲಾದರೂ ಅದು ಹೊಸ ವಾಕ್ಯವೆಂದೇ ಎಣಿಕೆ. ಅದಕ್ಕೆ ಹೊಂದಿದ್ದ ಕನ್ನಡ, ತಮಿಳು, ಜಪಾನಿ ಅನುವಾದಗಳೆಲ್ಲ ಸಂದೇಹದ ಸಾಲಿಗೆ ಸೇರಿ, ಯಾರಾದರೂ ಮತ್ತೆ ನೋಡಿ ಒಪ್ಪುವ ತನಕ ಅಡಗಿಬಿಡುತ್ತವೆ. ಅಲ್ಲಿಯವರೆಗೆ ಕನ್ನಡದ ಓದುಗನಿಗೆ ಕಾಣುವುದು ಇಂಗ್ಲಿಷೇ. ಅನುವಾದಕರು ನೂರಾರು ಮಂದಿಯಿರುವ ಭಾಷೆಗೆ ಇದು ಅರ್ಧ ಗಂಟೆಯ ಕೆಲಸ; ನಾಲ್ಕೈದು ಮಂದಿ ಬಿಡುವಿನಲ್ಲಿ ಮಾಡುವ ಭಾಷೆಗೆ ಹಾಗಲ್ಲ. ಜಿಟಿಕೆಗೆ ಆಶ್ರಯವಾಗಿರುವ ಗ್ನೋಮ್ ಯೋಜನೆಯವರು ಹೊಸ ಆವೃತ್ತಿ ಹೊರಡುವ ಕೆಲವು ವಾರ ಮೊದಲೇ ಇಂಥ ಬದಲಾವಣೆಗಳಿಗೆ ತಡೆ ಹಾಕುವುದು ಈ ಕಾರಣಕ್ಕೆ. ಇಂಗ್ಲಿಷಿನವನ ಶುದ್ಧಿ ಕನ್ನಡಿಗನ ಕೊರತೆಯಾಗುವುದೆಂದು ನಾನು ಎಣಿಸಿಯೇ ಇರಲಿಲ್ಲ.

ಇನ್ನು ಹೆಸರಿನಲ್ಲೇ ತಪ್ಪು ಹೊಕ್ಕರೆ? ಅದಕ್ಕೆ ಮದ್ದಿಲ್ಲ. ಯುನಿಕ್ಸ್ ವ್ಯವಸ್ಥೆಯಲ್ಲಿ ಹೊಸ ಕಡತವನ್ನು ತೆರೆಯುವ ಆಜ್ಞೆಗೆ 'ಕ್ರಿಯೇಟ್' ಎಂಬ ಶಬ್ದದ ಕಡೆಯ ಅಕ್ಷರವನ್ನು ಬಿಟ್ಟು ಹೆಸರಿಟ್ಟರು. ಯುನಿಕ್ಸನ್ನು ಮತ್ತೊಮ್ಮೆ ಕಟ್ಟುವುದಾದರೆ ಏನನ್ನು ಬದಲಿಸುವಿರಿ ಎಂದು ಅದರ ಕರ್ತೃಗಳಲ್ಲೊಬ್ಬನಾದ ಕೆನ್ ಥಾಂಪ್ಸನ್ನನನ್ನು ಕೇಳಿದಾಗ, ಆ ಅಕ್ಷರವನ್ನು ಸೇರಿಸುವೆನೆಂದನಂತೆ. ಅಂತರಜಾಲದ ಪುಟಗಳು ಓಡಾಡುವ ವಿಧಿಯಲ್ಲಿ 'ರೆಫರರ್' ಎಂಬುದರ ಒಂದು 'ಆರ್' ಬಿಟ್ಟುಹೋಯಿತು. 1996ರ ನಿರೂಪಣೆಯಲ್ಲಿ ಅದು ಹಾಗೆಯೇ ನೆಲೆಯಾಯಿತು. ಇಂದಿಗೂ ಜಗತ್ತಿನ ಯಂತ್ರಗಳೆಲ್ಲ ಆ ತಪ್ಪನ್ನೇ ಶ್ರದ್ಧೆಯಿಂದ ಉಚ್ಚರಿಸುತ್ತಿವೆ. ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗಾಗಿ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ ಕಲ್ಲಿನ ವಿಷಯ ವಾಚಕರಿಗೆ ತಿಳಿದೇ ಇದೆ. ಕಲ್ಲುಕುಟಿಗನ ಉಳಿ ಜಾರಿದರೆ ಸಾವಿರ ವರ್ಷ ಜಾರಿದಂತೆಯೇ. ಕಲ್ಲಿಗಿಂತ ಹಗುರವಾದ ಈ ವಿದ್ಯುಲ್ಲಿಪಿಯಲ್ಲೂ ಅದೇ ನಿಯಮವೆಂದರೆ ನಂಬುವುದು ಕಷ್ಟ.

"ನಮ್ಮದೂ ಒಂದದೆ, ನೋಡಿ ಮಾವ" ಎಂದು ಹುಡುಗ ತೆರೆಯ ಮೇಲೆ ಒಂದಕ್ಷರವನ್ನು ಮೂಡಿಸಿದ: ೞ.

ನನಗೆ ಎದೆ ತುಂಬಿತು. ಇಂದಿನ ಏಳು, ಕೋಳಿ, ಬಾಳು ಎಂಬುವನ್ನು ಹಳಗನ್ನಡದಲ್ಲಿ ಏೞ್, ಕೋೞಿ, ಬಾೞ್ ಎಂದು ಬರೆಯಿಸಿದ ಅಕ್ಷರ; ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಇಂದಿಗೂ ಬದುಕಿರುವ ಧ್ವನಿ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆಯುವಾಗ ಇದರ ಬಳಕೆಯನ್ನು ಕಾಪಾಡಲು ಶ್ರಮಿಸಿದ್ದನು. ಅಂಥ ಅಕ್ಷರಕ್ಕೆ, ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡಿನ ಪಟ್ಟಿಯಲ್ಲಿ ಇಟ್ಟಿರುವ ಹೆಸರೇನು? 'ಕನ್ನಡ ಅಕ್ಷರ ಫ', ಅದೂ ಇಂಗ್ಲಿಷಿನ 'ಎಫ್' ಧ್ವನಿಯ ಫ! ಆ ಧ್ವನಿ ಕನ್ನಡಕ್ಕೆ ಹೊರಗಿನಿಂದ ಬಂದದ್ದು. ಅದನ್ನು ನಾವು ಫಕಾರದ ಕೆಳಗೆ ಚುಕ್ಕೆಯಿಟ್ಟು ಬರೆಯುತ್ತೇವೆ. ೞಕಾರಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಹಳಗನ್ನಡ ಬಲ್ಲ ಒಬ್ಬರು ಕರಡಿನ ಮೇಲೆ ಕಣ್ಣು ಹಾಯಿಸಿದ್ದರೆ ಒಂದು ನಿಮಿಷದಲ್ಲಿ ಸಿಕ್ಕುತ್ತಿದ್ದ ತಪ್ಪು ಇದು.

ತಿದ್ದುವಂತಿಲ್ಲ. 1996ರ ಎರಡನೆಯ ಆವೃತ್ತಿಯಿಂದೀಚೆಗೆ ಯಾವ ಅಕ್ಷರದ ಹೆಸರನ್ನೂ ಬದಲಿಸುವುದಿಲ್ಲವೆಂಬುದು ಯೂನಿಕೋಡಿನ ಕಟ್ಟಳೆ. ಇದು ನಮಗೊಬ್ಬರಿಗೇ ಆದ ಅನ್ಯಾಯವೇನೂ ಅಲ್ಲ. ಅದೇ ಪಟ್ಟಿಯಲ್ಲಿ ಒಂದು ಚಿಹ್ನೆಯ ಹೆಸರಿನೊಳಗೆ ಇಂಗ್ಲಿಷಿನ 'ಬ್ರ್ಯಾಕೆಟ್' ಶಬ್ದವೇ 'ಸಿ', 'ಕೆ'ಗಳು ಅದಲುಬದಲಾಗಿ ನಿಂತಿದೆ. ಇಂಥವಕ್ಕೆಂದೇ ಅವರು ಬೇರೊಂದು ಪಟ್ಟಿಯನ್ನಿಟ್ಟಿದ್ದಾರೆ. ಹಳೆಯ ಪುಸ್ತಕಗಳ ಕೊನೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿಯಿರುತ್ತಿತ್ತಲ್ಲ, ಅದೇ ಇದು. ಮೂಲದಲ್ಲಿ ತಪ್ಪು ತಪ್ಪಾಗಿಯೇ ಉಳಿದು, ಒಪ್ಪು ಪಕ್ಕದ ಪಟ್ಟಿಯಲ್ಲಿ ಕುಳಿತಿದೆ. ನಮ್ಮ ೞಕಾರದ ಸರಿಯಾದ ಹೆಸರೂ ಅಲ್ಲಿದೆ, ಹುಡುಕುವವರಿಗೆ.

ಕರೆಂಟು ಬಂತು. ಒಳಗಿನಿಂದ ಅಕ್ಕ, ಬೆಳಗ್ಗೆ ಬ್ಯಾಂಕಿಗೆ ಕೊಡಬೇಕಾದ ಅರ್ಜಿಯನ್ನು ತಂದು ಮಗನ ಮುಂದೆ ಹಿಡಿದಳು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ತುಂಬಬೇಕು. ಕನ್ನಡದಲ್ಲಿ ಪೂಕಾರದ ದೀರ್ಘ ದೀರ್ಘವೇ. ಇಂಗ್ಲಿಷಿನಲ್ಲಿ ಮಾತ್ರ ಒಂದು ಕಡೆ ಒಂಟಿ 'ಯು', ಇನ್ನೊಂದು ಕಡೆ ಜೋಡಿ 'ಓ'.

"ಯಾವುದು ಸರಿ ಬರೀಲೋ?" ಎಂದಳು.

"ಸರಿ ಇರಾದು ಬ್ಯಾಡ ಕಣವ್ವ" ಎಂದ ಹುಡುಗ, ಪೆನ್ನು ತೆಗೆದುಕೊಳ್ಳುತ್ತ. "ಪಾಸ್‌ಬುಕ್ಕಲ್ಲಿ ಎಂಗದೆ, ಅದ್ನೇ ಯೋಳು."